ಎಡಗಡೆಯ ಸದ್ದು

ಸದ್ದು ನಿಂತುಹೋದದ್ದು ಲೈಲಾಳಿಗೆ ಗೊತ್ತಾದದ್ದು ಅಡಿಗೆಮನೆಯಲ್ಲಿ. ಅಕ್ಕಿರೊಟ್ಟಿಯ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಕಿವಿಗೊಟ್ಟಳು. ಮುಂದಿನ ಕೋಣೆಯಲ್ಲಿ ಗುಂಡು ಉರುಳುತ್ತಿತ್ತು, ರಬ್ಬರಿಗೆ ಬಡಿದು ಟಪ್ ಎನ್ನುತ್ತಿತ್ತು, ಆದರೆ ಆ ಟುಯಿಂ ಇಲ್ಲ, ಟಣ್ ಇಲ್ಲ. ಗಂಟಲಿಗೆ ಕಫ ಕಟ್ಟಿದವರ ಹಾಗೆ ಒಂದು ಗೊರಗೊರ. ಆಮೇಲೆ ಅದೂ ಇಲ್ಲ. ಗುಂಡು ತೂತಿಗೆ ಬಿದ್ದ ಶಬ್ದ. ಮತ್ತೊಮ್ಮೆ ಬಿದ್ದ ಶಬ್ದ. ಕುರ್ಚಿ ಎಳೆದ ಶಬ್ದ.

ಅವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ಗಂಡ ರವೂಫ್ ಮಿಷನಿಗೆ ಬೆನ್ನು ಹಾಕಿ ಕೂತಿದ್ದ. ಎಡಗೈ ಮಡಿಲಲ್ಲಿ ಬಿದ್ದಿತ್ತು.

ಅವರ ಊರಾದ ಕಬಕದಲ್ಲಿ ಆ ಮಿಷನನ್ನು ನೋಡದವರು ಕಡಿಮೆ. ಎತ್ತರದ ಕಾಲುಗಳ ಮೇಲೆ ಸ್ವಲ್ಪ ಓರೆಯಾಗಿ ನಿಂತ ಉದ್ದನೆಯ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಬಣ್ಣದ ದೀಪಗಳ ನಡುವೆ ಓಡಾಡುವ ಒಂದು ಉಕ್ಕಿನ ಗುಂಡು. ಪೆಟ್ಟಿಗೆಯ ಎರಡು ಬದಿಗೂ ಒಂದೊಂದು ಬಟನ್. ಅದನ್ನು ಒತ್ತಿದರೆ ಒಳಗಿನ ಪುಟ್ಟ ರೆಕ್ಕೆ ಎದ್ದು, ಉರುಳಿ ಬರುವ ಗುಂಡನ್ನು ಮೇಲಕ್ಕೆ ಹೊಡೆಯುತ್ತದೆ. ಹೊಡೆಯಲು ತಡವಾದರೆ ಗುಂಡು ತೂತಿಗೆ ಬಿದ್ದು ಆಟ ಮುಗಿಯುತ್ತದೆ. ಪೆಟ್ಟಿಗೆಯ ತಲೆಯ ಕಡೆ ಎದ್ದು ನಿಂತ ಇನ್ನೊಂದು ಚಿಕ್ಕ ಪೆಟ್ಟಿಗೆಯಲ್ಲಿ ಗಾಜಿನ ಮೇಲೆ ಬರೆದ ಚಿತ್ರ: ಸಮುದ್ರದ ತಳದಲ್ಲಿ ಮುತ್ತು ಹೆಕ್ಕುವ ಒಬ್ಬ ಮುಳುಗುಗಾರ, ಅವನ ಬೆನ್ನ ಹಿಂದೆ ಕೈಗಳನ್ನು ಚಾಚಿಕೊಂಡ ಆಕ್ಟೋಪಸ್. ಇದರ ಹೆಸರು ಪಿನ್‌ಬಾಲ್ ಎಂದು ರವೂಫ್ ಎಷ್ಟು ಹೇಳಿಕೊಟ್ಟರೂ ಊರಿಗೆ ಅದು ಗುಂಡಿನ ಮಿಷನ್.

ಶಾರ್ಜಾದ ಆಟದ ಹಾಲ್ ಒಂದರಲ್ಲಿ ಇಂಥ ಮಿಷನುಗಳನ್ನು ರಿಪೇರಿ ಮಾಡುವುದೇ ಅವನ ಕೆಲಸವಾಗಿತ್ತು. ಹಾಲ್ ಮುಚ್ಚಿದಾಗ ಯಜಮಾನ, "ನೀನು ಸಾಕಿದ್ದನ್ನು ನೀನೇ ತೆಗೆದುಕೊಂಡು ಹೋಗು" ಎಂದು ಎಲ್ಲಕ್ಕಿಂತ ಹಳೆಯದನ್ನು ಕೊಟ್ಟುಬಿಟ್ಟ. ಹಡಗಿನಲ್ಲಿ ಬಂದ ದೊಡ್ಡ ಪೆಟ್ಟಿಗೆಯನ್ನು ನೋಡಿ ಲೈಲಾ ಬಟ್ಟೆ ಒಗೆಯುವ ಮಿಷನ್ ಬಂತೆಂದು ಖುಷಿಯಲ್ಲಿ ಜಾಗ ಗುಡಿಸಿಟ್ಟಿದ್ದಳು. ಬಿಚ್ಚಿದ ಮೇಲೆ ಒಂದು ವಾರ ಮಾತು ಬಿಟ್ಟಿದ್ದಳು. ಆದರೆ ಅವನು ಅದರ ಹೊಟ್ಟೆ ತೆರೆದು ಕೂತಾಗ, ಒಳಗಿನ ತಂತಿಗಳ ಕಾಡಿನಲ್ಲಿ ಬೆರಳು ಒಂದಿಷ್ಟೂ ತಡವರಿಸದೆ ಹೋಗಿ ಬೇಕಾದದ್ದನ್ನೇ ಮುಟ್ಟಿ ಬರುವುದನ್ನು ನೋಡಿದಾಗ, ಸಿಟ್ಟು ಇಟ್ಟುಕೊಳ್ಳಲಿಕ್ಕೇ ಆಗಿರಲಿಲ್ಲ. ಒಳ್ಳೆ ಕೈ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅವಳ ಉಮ್ಮನಿಗೂ ಅಂಥ ಕೈ ಇತ್ತು, ಹೊಲಿಗೆಯಲ್ಲಿ.

ಹೋದ ವರ್ಷ ರವೂಫನಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ತಮಾಷೆ ಉಳಿಯಿತು, ಕಾಲೂ ಮೆಲ್ಲನೆ ದಾರಿಗೆ ಬಂತು. ಎಡಗೈ ಬರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಕಣ್ಣು ಚೆನ್ನಾಗಿದ್ದರೂ ಎಡಬದಿಯಲ್ಲಿ ಇರುವುದು ಅವನಿಗೆ ಕಾಣುತ್ತಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಎಡಭಾಗದ ಅನ್ನ ಹಾಗೆಯೇ ಉಳಿಯುತ್ತಿತ್ತು. ಲೈಲಾ ನೀರು ಕೊಡುವ ನೆಪದಲ್ಲಿ ಬಂದು, ಏನೂ ಹೇಳದೆ, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಹೋಗುತ್ತಿದ್ದಳು.

ವ್ಯಾಯಾಮ ಹೇಳಿಕೊಡಲು ಪುತ್ತೂರಿನಿಂದ ಬರುತ್ತಿದ್ದ ಚಿನ್ಮಯೀ ಅವನ ಎಡಗೈಗೆ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. "ನನಗೆಂತ ಕ್ರಿಕೆಟ್ ಆಡ್ಲಿಕ್ಕುಂಟಾ?" ಎಂದು ಅವನು ಅದನ್ನು ಮಂಚದಡಿಗೆ ಉರುಳಿಸಿದ್ದ. ಆದರೆ ಒಂದು ಸಂಜೆ ಮಿಷನಿನ ಮುಂದೆ ನಿಂತು, ಎಡಗೈಯನ್ನೂ ಸುಮ್ಮನೆ ಬಟನಿನ ಮೇಲೆ ಎತ್ತಿಟ್ಟು ಗುಂಡು ಬಿಟ್ಟಾಗ ಆಶ್ಚರ್ಯವೊಂದು ನಡೆಯಿತು. ಆ ಮಿಷನಿನಲ್ಲಿ ಗುಂಡು ಎಡಗಡೆಯ ಕಂಬಕ್ಕೆ ತಾಗಿದರೆ ಟುಯಿಂ ಎನ್ನುತ್ತದೆ, ಬಲಗಡೆಯದಕ್ಕೆ ತಾಗಿದರೆ ಟಣ್. ಗುಂಡು ಎಡಕ್ಕೆ ಹೋಗಿ ಅವನ ಕಣ್ಣಿಂದ ಮಾಯವಾಯಿತು. ಟುಯಿಂ ಎಂದಿತು. ಅವನು ಯೋಚಿಸುವ ಮೊದಲೇ ಎಡಗೈಯ ಬೆರಳು ಬಟನ್ ಒತ್ತಿತ್ತು.

ಅಂದಿನಿಂದ ಕಿವಿಯೇ ಅವನ ಎಡಗಣ್ಣು. ದಿನಾ ಬೆಳಿಗ್ಗೆ, ಸಂಜೆ ಆಟ. ಬರಬರುತ್ತಾ ಆ ಕೈ ಲೋಟದ ಬುಡ ಹಿಡಿಯಿತು, ಅಂಗಿಯ ಕೊನೆಯ ಗುಬ್ಬಿಯನ್ನು ಕಾಜಕ್ಕೆ ಸಿಕ್ಕಿಸಿತು. ಚಿನ್ಮಯೀಯೇ ಬೆರಗಾಗಿ, "ನಿಮ್ಮ ಮಿಷನಿನ ಎದುರು ನನ್ನ ಚೆಂಡು ಎಂತದೂ ಅಲ್ಲ" ಎಂದಿದ್ದಳು.

ಈಗ ಆ ಮಿಷನಿನ ಬಾಯಿ ಕಟ್ಟಿತ್ತು.

"ಸದ್ದಿಲ್ಲದೆ ಆಡ್ಲಿಕ್ಕೆ ಆಗುದಿಲ್ಲವಾ?" ಲೈಲಾ ಕೇಳಿದಳು.

"ಹೇಗೆ ಆಡುದು? ಕಾಣದ ಕಡೆಯಿಂದ ಬರ್ತದೆ, ಕಳ್ಳನ ಹಾಗೆ. ಬಿದ್ದ ಮೇಲೆ ಗೊತ್ತಾಗುದು."

"ಸ್ಪೀಕರ್ ಬದಲಿಸಿದರೆ?"

"ಯಾರು ಬದಲಿಸುದು? ಒಂದು ಕೈಯಲ್ಲಿ ಆಗುವ ಕೆಲಸವಾ ಅದು? ಬೇರೆಯವರು ನನ್ನ ಮಿಷನ್ ಮುಟ್ಟುದು ಬೇಡ. ಇರ್ಲಿ ಬಿಡು."

ಒಂದು ವಾರ ಕಳೆಯುವಷ್ಟರಲ್ಲಿ ಅಂಗಿಯ ಗುಬ್ಬಿ ಹಾಕಲು ಮತ್ತೆ ಲೈಲಾಳೇ ಬೇಕಾಯಿತು. ಎಡಗೈಯ ಬೆರಳುಗಳು ಒಳಗೆ ಮಡಚಿಕೊಳ್ಳತೊಡಗಿದವು. ಫೋನಿನಲ್ಲಿ ಚಿನ್ಮಯೀ ಮೆತ್ತಗೆ, ಆದರೆ ಬಿಡಿಸಿ ಹೇಳಿದಳು: "ದಿನಾ ಕೆಲಸ ಕೊಟ್ಟರೆ ಮಾತ್ರ ಕೈಗೆ ನೆನಪಿರ್ತದೆ ಲೈಲಕ್ಕ. ಹೀಗೆ ಬಿಟ್ಟರೆ ಬೆರಳು ಗಟ್ಟಿಯಾಗ್ತದೆ. ಆಮೇಲೆ ಬಿಡಿಸುದು ಭಾರಿ ಕಷ್ಟ."

ಲೈಲಾಳಿಗೆ ಇನ್ನೊಂದು ಸಂಕಟವೂ ಇತ್ತು. ಸ್ಪೀಕರ್ ಯಾಕೆ ಹಾಳಾಯಿತೆಂದು ಅವಳಿಗೆ ಅನುಮಾನವಿತ್ತು. ರವೂಫ್ ಆಸ್ಪತ್ರೆಯಲ್ಲಿದ್ದಾಗ, ಅವನ ಶಾಲೆಯ ಕಾಲದ ಗೆಳೆಯ ಕೃಷ್ಣಮೋಹನ ಮನೆಗೆ ಬಂದಿದ್ದ. ಪೆರಾಬೆಯ ಭಟ್ಟರ ಮನೆಯವನು, ಅಡಿಕೆ ತೋಟ ಇದ್ದರೂ ಜೀವವೆಲ್ಲ ಮೈಕಿನಲ್ಲಿ. ಕಡಬ, ಸುಳ್ಯದವರೆಗೆ ಮದುವೆಗೂ ಯಕ್ಷಗಾನಕ್ಕೂ ಧ್ವನಿವರ್ಧಕ ಕೊಂಡೊಯ್ಯುವವನು. ಗೆಳೆಯ ಮನೆಗೆ ಬರುವಾಗ ಮಿಷನ್ ಸರಿ ಇರಲಿ ಎಂದು ಹಾಕಿ ನೋಡಿದರೆ ಸದ್ದು ಪರಪರ ಎಂದಿತು. ಮಿಷನಿನ ಹಿಂದಿನ ಬಾಗಿಲು ತೆರೆದು ನೋಡಿದ. ಸ್ಪೀಕರಿನ ಕಾಗದದ ಬಟ್ಟಲು ಥಂಡಿಗೆ ಮೆತ್ತಗಾಗಿ ಸೀಳು ಬಿಟ್ಟಿತ್ತು. "ಅಂಟು ಉಂಟಾ ಲೈಲಾ?" ಎಂದ. ಹಲಸಿನ ಕಾಲ. ಅಡಿಗೆಮನೆಯ ಮಾಡಿನ ಸಂದಿಯಲ್ಲಿ ಕೋಲಿಗೆ ಸುತ್ತಿಟ್ಟ ಹಲಸಿನ ಮೇಣ ಇತ್ತು. ತೂತಾದ ಬಾಲ್ದಿ, ಸೀಳಿದ ಗೆರಸೆ, ಏನಿದ್ದರೂ ಈ ಕಡೆಯವರು ಮೊದಲು ಹುಡುಕುವುದು ಅದನ್ನೇ. ಲೈಲಾ ಬೆಂಕಿಗೆ ಹಿಡಿದು ಕರಗಿಸಿ ಕೊಟ್ಟಳು, ಕೃಷ್ಣಮೋಹನ ಸೀಳಿಗೆ ಒತ್ತಿದ. ಸದ್ದು ಗಂಟೆಯ ಹಾಗೆ ಬಂತು. ಇಬ್ಬರೂ ಹೆಮ್ಮೆಪಟ್ಟುಕೊಂಡರು. ರವೂಫನಿಗೆ ಮಾತ್ರ ಹೇಳಲಿಲ್ಲ, ಅವನ ಮಿಷನನ್ನು ಅವನಿಲ್ಲದಾಗ ತೆರೆದದ್ದಕ್ಕೆ.

ಈಗ ಅವಳು ಆ ಕೃಷ್ಣಮೋಹನನಿಗೇ ಫೋನು ಮಾಡಿದಳು. "ಅಣ್ಣ, ನೀವು ಬರ್ಬೇಕು. ಅವರು ಬೇಡ ಹೇಳ್ತಾರೆ. ನೀವು ಕೇಳಿಸಿಕೊಳ್ಳುದು ಬೇಡ. ಅವರ ಎದುರೇ ಕೆಲಸ ಶುರು ಮಾಡಿ, ನಿಮ್ಮ ಕ್ರಮದಲ್ಲಿ."

"ನನ್ನ ಕ್ರಮ ಅಂದ್ರೆ?"

"ತಂತಿ ತಿರುಚಿ ಟೇಪು ಸುತ್ತುದು."

"ನೀನು ಅವನಿಗಿಂತ ಉಷಾರಿ" ಎಂದ ಕೃಷ್ಣಮೋಹನ.

ಭಾನುವಾರ ಬೆಳಿಗ್ಗೆ ಅವನ ಓಮ್ನಿ ಅಂಗಳಕ್ಕೆ ಬಂತು. ಕೈಯಲ್ಲಿ ಒಂದು ಪುಟ್ಟ ಕಪ್ಪು ಸ್ಪೀಕರ್ ಬಾಕ್ಸು. ಅದನ್ನು ನೆಲಕ್ಕಿಟ್ಟು, "ಎಂತ ರವೂಫ್, ಮಿಷನಿಗೆ ಬೆನ್ನು ಹಾಕಿ ಕೂತಿದ್ದಿ? ಗಲಾಟೆಯಾ?" ಎಂದ.

"ಲೈಲಾ ಕರೆದಳಾ? ಮೈಕ್ ಕಟ್ಟಲಿಕ್ಕೆ ಇಲ್ಲಿ ಯಾರ ಮದುವೆಯೂ ಇಲ್ಲ ಮಾರಾಯ."

"ಗೊತ್ತುಂಟು. ನೀನು ಕೂತ್ಕೊ. ಐದು ನಿಮಿಷದ ಕೆಲಸ." ಕೃಷ್ಣಮೋಹನ ಬಾಕ್ಸಿನ ಬೆನ್ನು ಬಿಚ್ಚಿ ಒಳಗಿನ ಸ್ಪೀಕರನ್ನು ಹೊರಗೆ ತೆಗೆದ. ಯಕ್ಷಗಾನದಲ್ಲಿ ಭಾಗವತರ ಎದುರಿಗಿಡುವ ಬಾಕ್ಸು ಅದು. ಚೆಂಡೆ ಮದ್ದಳೆಯ ಅಬ್ಬರದಲ್ಲಿ ಹಾಡುವವರಿಗೆ ತಮ್ಮದೇ ಸ್ವರ ಕೇಳಲಿ ಎಂದು ಇಡುವಂಥದ್ದು. ಅವನ ಸಾಮಾನುಗಳಲ್ಲಿ ಅದರಷ್ಟು ಒಳ್ಳೆಯದು ಬೇರೆ ಇರಲಿಲ್ಲ ಎಂದು ಲೈಲಾಳಿಗೂ ಗೊತ್ತಿತ್ತು.

ಅವನು ಮಿಷನಿನ ಹಿಂದೆ ಹೋಗಿ ತಂತಿಗೆ ಕೈ ಹಾಕಿದ. ಕಿಸೆಯಿಂದ ಟೇಪು ತೆಗೆದ. ಟೇಪಿನ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದ ಪರಕ್ಕೆಂಬ ಸದ್ದಿಗೆ ರವೂಫನ ಬೆನ್ನು ನೆಟ್ಟಗಾಯಿತು.

"ಕೃಷ್ಣಮೋಹನಾ."

"ಎಂತ?"

"ಮೊದಲು ಪ್ಲಗ್ ತೆಗೆದಿದ್ದಿಯಾ?"

"ಸ್ವಿಚ್ ಬಂದ್ ಉಂಟಲ್ಲ."

"ಪ್ಲಗ್ ತೆಗಿ ಮಾರಾಯ! ಸತ್ತು ಬಿದ್ದರೆ ಪೆರಾಬೆಗೆ ನಾನು ಹೊತ್ತುಕೊಂಡು ಹೋಗ್ಬೇಕಾ? ಮತ್ತೆ ಆ ಟೇಪು ಕೆಳಗಿಡು. ತಂತಿ ತಿರುಚಿದರೆ ಈ ಕೈಯಿಂದಲೇ ಹೊಡೀತೇನೆ." ರವೂಫ್ ಎದ್ದಿದ್ದ. ಕುರ್ಚಿಯ ಬೆನ್ನು ಹಿಡಿದು, ಗೋಡೆ ಹಿಡಿದು, ಮಿಷನಿನ ಹಿಂದೆ ಬಂದೇಬಿಟ್ಟ. "ಲೈಲಾ, ಒಂದು ತಟ್ಟೆ ತಾ. ಸ್ಕ್ರೂ ಹಾಕಲಿಕ್ಕೆ."

ಲೈಲಾ ಓಡಿಹೋಗಿ ಇಡ್ಲಿ ತಟ್ಟೆ ತಂದಳು. ಹಿಂದೆಯೂ ಅವನು ಅದನ್ನೇ ಕೇಳುತ್ತಿದ್ದ. ಒಂದೊಂದು ಕುಳಿಗೆ ಒಂದೊಂದು ಜಾಗದ ಸ್ಕ್ರೂ. ಬಿಚ್ಚಿದ ಕ್ರಮದಲ್ಲೇ ಹಾಕಿದರೆ ಕೊನೆಗೆ ಯಾವುದೂ ಮಿಕ್ಕುವುದಿಲ್ಲ, ಯಾವುದೂ ಸಾಲದೆ ಬರುವುದಿಲ್ಲ. ಮೊದಲು ಅವನು ಗುಂಡನ್ನು ಹೊರಗೆ ತೆಗೆಸಿ ಅವಳ ಅಂಗೈಗೆ ಹಾಕಿದ. "ಇದು ನಿನ್ನ ಹತ್ರ ಇರ್ಲಿ." ಅವಳು ಅದನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು. ತಣ್ಣಗೆ, ಭಾರವಾಗಿ ಅದು ತೊಡೆಗೆ ತಾಗುತ್ತಿತ್ತು. ಆಮೇಲೆ ಚಿತ್ರದ ಗಾಜನ್ನು ಮೇಲಕ್ಕೆ ಜಾರಿಸಿ ಬಿಡಿಸಿ, ಅದನ್ನೂ ಅವಳ ಎರಡು ಕೈಗೆ ಕೊಟ್ಟ. "ಒಡೆದರೆ ಇನ್ನೊಂದು ಸಿಗುದಿಲ್ಲ" ಎಂದ. ಅವಳು ಅದನ್ನು ಮಂಚದ ಮೇಲೆ ಹಾಸಿಗೆಯ ನಡುವೆ ಮಲಗಿಸಿ ಬಂದಳು, ಹಸುಗೂಸನ್ನು ಮಲಗಿಸಿದ ಹಾಗೆ.

ಹಳೆಯ ಸ್ಪೀಕರ್ ಹೊರಬಂತು. ರವೂಫ್ ಅದನ್ನು ಕಣ್ಣ ಬಲಬದಿಗೆ ಹಿಡಿದು ನೋಡಿದ. ಮೂಸಿದ. ಲೈಲಾ ಕೃಷ್ಣಮೋಹನನನ್ನು ನೋಡಿದಳು. ಕೃಷ್ಣಮೋಹನ ಮಾಡಿನ ಹಂಚನ್ನು ನೋಡಿದ.

"ಇದೆಂತದು?"

ಲೈಲಾ ದುಪಟ್ಟಾದ ಗಂಟನ್ನು ಬಿಗಿ ಮಾಡಿಕೊಂಡಳು.

"ಶಾರ್ಜಾದಲ್ಲಿ ಹಲಸಿನ ಮರ ಇಲ್ಲ" ಎಂದ ರವೂಫ್. "ಇದು ಹಲಸಿನ ಮೇಣ. ಬಲ್ಬಿನ ಪಕ್ಕದಲ್ಲೇ ಸ್ಪೀಕರ್ ಇರುದು. ಬಿಸಿಗೆ ಕರಗಿ ಇಳಿದು ಒಳಗಿನ ಸುರುಳಿಯನ್ನೇ ಕಚ್ಚಿಕೊಂಡುಬಿಟ್ಟಿದೆ. ನೋಡು, ಒತ್ತಿದರೆ ಅಲುಗುದಿಲ್ಲ. ಯಾರ ಕೆಲಸ?"

"ಅಂಟು ಕೇಳಿದ್ದು ನಾನು" ಎಂದ ಕೃಷ್ಣಮೋಹನ.

"ಕೊಟ್ಟದ್ದು ನಾನು" ಎಂದಳು ಲೈಲಾ. "ನೀವು ಬರುವಾಗ ಅದು ಹಾಡ್ಬೇಕು ಅಂತ."

ರವೂಫ್ ಅವರಿಬ್ಬರ ಮುಖವನ್ನು ಒಂದೊಂದಾಗಿ ನೋಡಿದ, ತಲೆ ತಿರುಗಿಸಿ ತಿರುಗಿಸಿ. ಆಮೇಲೆ ಅವನ ಹೊಟ್ಟೆ ಅಲುಗತೊಡಗಿತು. ನಗು. ಬಹಳ ದಿನದ ಮೇಲೆ ಬಂದ ನಗು, ಕೆಮ್ಮು ಬರುವವರೆಗೆ. "ಭಟ್ರೆ, ನಿಮ್ಮ ಮೈಕಿಗೂ ಇದನ್ನೇ ಹಾಕುದಾ? ಅದಕ್ಕೇ ಭಾಗವತರ ಸ್ವರ ಎಳೆಯುದು!"

"ನಗು ನಗು, ಎಷ್ಟು ಬೇಕಾದರೂ ತಮಾಷೆ ಮಾಡು. ಮೊದಲು ಕೆಲಸ ಮಾಡು."

ಸೋಲ್ಡರಿಂಗ್ ಕಡ್ಡಿ ಬಿಸಿಗೆ ಇಟ್ಟರು. ಆಗ ರವೂಫನ ಮುಖ ಮತ್ತೆ ಮಂಕಾಯಿತು. ಆ ಕೆಲಸಕ್ಕೆ ಎರಡು ಕೈ ಬೇಕು. ಒಂದು ಬಿಸಿ ಕಡ್ಡಿಗೆ, ಇನ್ನೊಂದು ಕರಗಿಸುವ ಸೀಸದ ತಂತಿಗೆ. ಕೃಷ್ಣಮೋಹನನ ಕೈಗಳು ತಂತಿಯ ಕಟ್ಟನ್ನು ಒತ್ತಿ ಹಿಡಿದು ಟಾರ್ಚು ತೋರಿಸುವುದರಲ್ಲಿದ್ದವು.

"ನಾನು ಹಿಡೀತೇನೆ" ಎಂದಳು ಲೈಲಾ.

"ಕೈ ಸುಟ್ಟುಕೊಳ್ತಿ."

"ದಿನಾ ಸುಟ್ಟುಕೊಳ್ಳುವವಳಿಗೆ ಹೇಳ್ತೀರಾ?"

ಅವಳು ಅವನ ಎಡಕ್ಕೆ ನಿಂತಳು. ಆಮೇಲೆ ನೆನಪಾಗಿ ಒಂದಿಷ್ಟು ಮುಂದಕ್ಕೆ ಬಾಗಿ, ಅವನಿಗೆ ಕಾಣುವ ಜಾಗಕ್ಕೆ ಸೀಸದ ತಂತಿಯನ್ನು ತಂದಳು. ಅವನು ಕಡ್ಡಿಯ ಮೊನೆಯನ್ನು ಸ್ಪೀಕರಿನ ಕೊಂಡಿಗೆ ತಾಗಿಸಿ ಕಾದ.

"ಈಗ ಕೊಡ್ಲಾ?"

"ನಿಲ್ಲು. ಸೀಸಕ್ಕೆ ಬಿಸಿ ಕೊಡುದಲ್ಲ. ಕೊಂಡಿಗೆ ಕೊಡುದು. ಅದು ಕಾದರೆ ಸೀಸವನ್ನು ತಾನೇ ಕುಡೀತದೆ."

ಕಾವಲಿ ಕಾಯದೆ ಹಿಟ್ಟು ಹೊಯ್ಯಬಾರದು, ಅಷ್ಟೇ ತಾನೆ. ಲೈಲಾಳಿಗೆ ಕೂಡಲೇ ಅರ್ಥವಾಯಿತು. "ಈಗ" ಎಂದು ಅವನು ಹೇಳುವುದಕ್ಕೂ ಅವಳು ತಂತಿಯನ್ನು ತಾಗಿಸುವುದಕ್ಕೂ ಸರಿಹೋಯಿತು. ಸೀಸ ಒಮ್ಮೆ ಮಿಂಚಿ, ನೀರಿನ ಹನಿಯ ಹಾಗೆ ಹರಡಿ, ಕೊಂಡಿಯನ್ನೂ ತಂತಿಯನ್ನೂ ಒಂದು ಮಾಡಿ ಗಟ್ಟಿಯಾಯಿತು. ಎರಡನೆಯದಕ್ಕೆ ಅವನು 'ಈಗ' ಎನ್ನಲೂ ಇಲ್ಲ. ಕೃಷ್ಣಮೋಹನ ಬಗ್ಗಿ ನೋಡಿದ. "ಅಬ್ಬಾ, ಕನ್ನಡಿಯ ಹಾಗೆ ಉಂಟು ಮಾರಾಯ" ಎಂದ, ಅಸೂಯೆಯಿಂದಲ್ಲ, ಒಳ್ಳೆಯ ಆಲಾಪಕ್ಕೆ ತಲೆದೂಗಿದ ಹಾಗೆ.

ಇನ್ನು ಕೂರಿಸುವುದು. ಹೊಸ ಸ್ಪೀಕರಿನ ಬೆನ್ನಿನ ಅಯಸ್ಕಾಂತ ಹಳೆಯದಕ್ಕಿಂತ ದಪ್ಪ, ಭಾರ. ಹಲಗೆಯ ತೂತಿಗೆ ಅದನ್ನು ಒತ್ತಿ ಹಿಡಿದು ಈಚೆಯಿಂದ ನಟ್ಟು ತಿರುಗಿಸಬೇಕು. ಲೈಲಾ ಆಚೆಯಿಂದ ಬೋಲ್ಟುಗಳನ್ನು ಎರಡು ಕೈಯಿಂದ ಒತ್ತಿ ನಿಂತಳು. ಕೃಷ್ಣಮೋಹನ ತಂತಿಯ ಕಟ್ಟು ಬಿಡುವ ಹಾಗಿರಲಿಲ್ಲ, ಟಾರ್ಚು ಬಾಯಲ್ಲಿ ಕಚ್ಚಿದ್ದ. ರವೂಫ್ ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕಿದ. ಸ್ಪೀಕರ್ ಭಾರಕ್ಕೆ ಕೆಳಗೆ ಜಾರಿತು.

"ಜಾರ್ತಾ ಉಂಟು" ಎಂದು ಅವನು ತನ್ನಷ್ಟಕ್ಕೇ ಗೊಣಗಿದ, ಕಣ್ಣು ನಟ್ಟಿನ ಮೇಲೆಯೇ.

ಹಲಗೆಯ ಅಂಚಿನ ಬದಿಯಿಂದ ಲೈಲಾ ನೋಡಿದಳು. ಅವನ ಎಡಗೈ ಪಕ್ಕದಿಂದ ಎದ್ದಿತು. ಮೆಲ್ಲನೆ, ನಿದ್ದೆಯಿಂದ ಎದ್ದ ಬೆಕ್ಕಿನ ಹಾಗೆ ಮೊದಲು ಹಲಗೆಯನ್ನು ತಡವಿತು, ಅಲ್ಲಿಂದ ಮೇಲೇರಿ ಸ್ಪೀಕರಿನ ಬುಡಕ್ಕೆ ಬಂತು. ಮಡಚಿಕೊಂಡಿದ್ದ ಬೆರಳುಗಳು ಒಂದರ ನಂತರ ಒಂದು ಬಿಡಿಸಿಕೊಂಡು ಆ ದಪ್ಪ ಅಯಸ್ಕಾಂತವನ್ನು ಕೆಳಗಿನಿಂದ ಆನಿಸಿದವು. ನಿಂತವು. ಬಲಗೈ ಸ್ಪ್ಯಾನರ್ ತಿರುಗಿಸುತ್ತಲೇ ಇತ್ತು. ಅವನಿಗೆ ಗೊತ್ತಿರಲಿಲ್ಲ. ಅವನ ಗಮನವೆಲ್ಲ ನಟ್ಟಿನಲ್ಲಿತ್ತು.

ಟಾರ್ಚು ಕಚ್ಚಿದ್ದ ಕೃಷ್ಣಮೋಹನನ ಕಣ್ಣು ಅಗಲವಾಯಿತು. ಬಾಯಿ ತೆರೆಯಲು ಹೊರಟ. ಲೈಲಾ ಬೇಡ ಎಂದು ತಲೆಯಾಡಿಸಿದಳು. ಮಗಳು ಆಫ್ರಾ ಮೊದಲ ಸಲ ಗೋಡೆ ಬಿಟ್ಟು ನಿಂತಾಗ ಅವಳು ಖುಷಿಯಿಂದ ಚಪ್ಪಾಳೆ ತಟ್ಟಿದ್ದಳು. ಮಗು ಬೆದರಿ ದೊಪ್ಪನೆ ಕೂತು, ಮತ್ತೆ ಏಳಲು ಎಷ್ಟೋ ದಿನ ಹಿಡಿದಿತ್ತು. ಆ ಪಾಠ ಅವಳಿಗೆ ಮರೆತಿರಲಿಲ್ಲ. ಉಸಿರನ್ನೂ ಹಗುರವಾಗಿ ಬಿಟ್ಟಳು. ನಟ್ಟುಗಳು ಎಲ್ಲ ಬಿಗಿಯಾಗುವವರೆಗೆ ಆ ಕೈ ಅಲ್ಲಿಯೇ ಇತ್ತು, ಸ್ವಲ್ಪ ನಡುಗುತ್ತಾ, ಆದರೆ ಜಾರದೆ. ಶಾರ್ಜಾದಿಂದ ಬಂದ ಹೊಸತರಲ್ಲಿ ಅವಳು ಬೆರಗಾಗಿ ನೋಡಿದ್ದ ಕೈಯೇ ಅದು.

ಗಾಜು ಮರಳಿ ಕೂತಿತು. ಇಡ್ಲಿ ತಟ್ಟೆ ಖಾಲಿಯಾಯಿತು. ಲೈಲಾ ದುಪಟ್ಟಾದ ಗಂಟು ಬಿಚ್ಚಿ ಗುಂಡು ಕೊಟ್ಟಳು. ಪ್ಲಗ್ ಹಾಕಿದಾಗ ಮುಳುಗುಗಾರನ ಸುತ್ತ ದೀಪಗಳು ಎದ್ದವು, ಮತ್ತು ಮಿಷನ್ ತನ್ನ ಎಂದಿನ ಆರಂಭದ ರಾಗ ನುಡಿಸಿತು. ಎಂದಿನದೇ, ಆದರೆ ತುಂಬಿದ ಸ್ವರದಲ್ಲಿ, ಕಿಟಕಿಯ ಸರಳು ಗುಂಯ್ ಎನ್ನುವ ಹಾಗೆ.

"ಭಾಗವತರ ಬಾಕ್ಸು ಅಲ್ಲವಾ" ಎಂದ ಕೃಷ್ಣಮೋಹನ, ತನ್ನ ಖಾಲಿ ಪೆಟ್ಟಿಗೆಯ ತೂತಿನೊಳಗೆ ಕೈ ಹಾಕಿ ನೋಡುತ್ತಾ. "ಇನ್ನು ಪಾಪ ಭಾಗವತರು ಅಂದಾಜಿಗೆ ಹಾಡ್ಬೇಕು."

"ಅವರನ್ನು ಇಲ್ಲಿಗೇ ಕರ್ಕೊಂಡು ಬಾ" ಎಂದ ರವೂಫ್. ಎರಡು ಬದಿಯ ಬಟನುಗಳ ಮೇಲೆ ಕೈ ಇಟ್ಟ. ಎಡಗೈಯನ್ನು ಬಲಗೈಯಿಂದ ಎತ್ತಿ ಇಡಬೇಕಾಯಿತು.

ಮೊದಲ ಸಲ ಬಿಟ್ಟಾಗ ಗುಂಡು ಎಡಕ್ಕೆ ಹೋಯಿತು. ಟುಯಿಂ ಎಂದಿತು. ಬೆರಳು ಅಲುಗಿತು, ತಡವಾಯಿತು, ಗುಂಡು ಬಿತ್ತು.

"ಕೈಗೆ ವಾರದ ರಜೆ ಕೊಟ್ಟದ್ದಲ್ಲವಾ, ಸೋಮಾರಿಯಾಗಿದೆ" ಎಂದು ರವೂಫ್ ತಾನೇ ಹೇಳಿ ಗುಂಡನ್ನು ಮತ್ತೆ ಬಿಟ್ಟ.

ಲೈಲಾ ಅಡಿಗೆಮನೆಗೆ ಹೋದಳು. ನಿಂತು ನೋಡಿದರೆ ಆ ಕೈಗೆ ನಾಚಿಕೆಯಾದೀತು ಎಂದೋ, ತನ್ನ ಕಣ್ಣಿನ ಮೇಲೆ ತನಗೇ ಭರವಸೆ ಇಲ್ಲದ್ದಕ್ಕೋ. ಒಲೆಯ ಮೇಲೆ ಕಾವಲಿ ಇಟ್ಟು ರೊಟ್ಟಿ ಹಾಕಿದಳು. ಮುಂದಿನ ಕೋಣೆಯಿಂದ ಬಲದ ಟಣ್ ಬಂತು, ಮತ್ತೊಂದು ಟಣ್ ಬಂತು. ಆಮೇಲೆ ಟುಯಿಂ.

ರೊಟ್ಟಿ ಮಗುಚಲು ಎತ್ತಿದ ಸಟ್ಟುಗ ಗಾಳಿಯಲ್ಲಿ ನಿಂತಿತು.

ಟಪ್. ಎಡದ ರೆಕ್ಕೆ. ಗುಂಡು ಮೇಲಕ್ಕೆ ಓಡಿ ಎಲ್ಲ ಕಂಬಗಳಿಗೂ ಬಡಿದು ಮಿಷನ್ ಒಟ್ಟಿಗೆ ನೂರು ಸ್ವರ ಚೆಲ್ಲಿತು. ಅದರ ಮೇಲೆ ಕೃಷ್ಣಮೋಹನನ "ಭಲೇ!" ಕೇಳಿಸಿತು. ಮತ್ತೆ ಟುಯಿಂ. ಅವಳು ಕಾದಳು. ಟಪ್.

"ಲೈಲಾ!" ಎಂದು ರವೂಫ್ ಕೂಗಿದ. "ಎಂತದೋ ಕರಟುವ ವಾಸನೆ ಬರ್ತಾ ಉಂಟಲ್ಲ?"

ಕಾವಲಿಯ ಮೇಲೆ ರೊಟ್ಟಿಯ ಅಂಚು ಕಪ್ಪಾಗಿ ಹೊಗೆಯಾಡುತ್ತಿತ್ತು. ಅವಳು ದುಪಟ್ಟಾದಲ್ಲಿ ಕಣ್ಣೊರಸಿಕೊಂಡು ಅದನ್ನು ಮಗುಚಿ ಹಾಕಿದಳು.

"ಹಲಸಿನ ಮೇಣ ಇರ್ಬೇಕು" ಎಂದಳು. "ನೀವು ಆಡಿ."